ಎರೆಭೂತ

1998ನೇ ಇಸವಿ. ಮುಕ್ಕುಂದದ ಹತ್ತಿರದ ಒಂದು ಶಾಲೆಯಲ್ಲಿ ನಾನಾಗ ಹೊಸ ಟೀಚರು. ವಾರವಿಡೀ ಶಾಲೆ ತಪ್ಪಿಸಿದ್ದ ಕುರಿಗಾರರ ಹುಡುಗನೊಬ್ಬ ಬಂದು ಬಾಗಿಲಲ್ಲಿ ನಿಂತ.

"ಎಲ್ಲಿ ಹೋಗಿದ್ದೆಯೋ?" ಎಂದೆ.

"ಅಪ್ಪನ ಕೂಡ ಹೊಳಿ ಆಚಿ ಕುರಿ ಕಾಯಾಕ ಹೋಗಿದ್ದೆನ್ರಿ ಟೀಚರ್. ಅಲ್ಲಿ ಎರಿಭೂತ ನೋಡಿದ್ನಿ. ನನ್ನ ಎದಿಮಟ ಇತ್ರಿ!"

ತರಗತಿ ಗೊಳ್ಳೆಂದು ನಕ್ಕಿತು. ನನಗೆ ಬಿಎಡ್ ಮುಗಿಸಿ ಬಂದ ಹುರುಪು. ಭೂತ, ದೆವ್ವ ಎಲ್ಲ ಸುಳ್ಳೆಂದು ಅರ್ಧ ಗಂಟೆ ಪಾಠ ಹೇಳಿ, ಕೊನೆಗೆ ಅವನ ಕೈಯಿಂದಲೇ ಹಲಗೆಯ ಮೇಲೆ 'ಭೂತ ಇಲ್ಲ' ಎಂದು ಬರೆಸಿದೆ. ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಹಕ್ಕಿಗಳ ಪುಸ್ತಕವೊಂದನ್ನು ತಿರುವುವಾಗ ಆ ಹೆಸರು ಕಣ್ಣಿಗೆ ಬಿತ್ತು. ಎರೆಭೂತ, ಎರ್ಲಡ್ಡು, ದೊರೆವಾಯನ ಹಕ್ಕಿ. ಮೂರೂ ಒಂದೇ ಹಕ್ಕಿಯ ಹೆಸರುಗಳು. ಸುಮಾರು ಒಂದು ಮೀಟರ್ ಎತ್ತರ, ನೆತ್ತಿಯ ಮೇಲೆ ಕಪ್ಪು ಟೋಪಿ. ಗಂಡು ಹದಿನೈದು ಕೆ.ಜಿ.ವರೆಗೂ ತೂಗುತ್ತದೆ. ಎರೆ ಭೂಮಿಯ ಹುಲ್ಲಿನಲ್ಲಿ ನಡೆದಾಡುತ್ತದೆ, ನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಹುಡುಗ ಹೇಳಿದ್ದು ನಿಜವಾಗಿತ್ತು. ಆ ದಿನ ತರಗತಿಯಲ್ಲಿ ತಿಳಿಯದವಳು ನಾನೊಬ್ಬಳೇ.

ಹಕ್ಕಿಯನ್ನು ಕಂಡವರು ಬಹಳ, ಬರೆದಿಟ್ಟವರು ಕಡಿಮೆ. ನಮ್ಮ ರಾಯಚೂರು ಜಿಲ್ಲೆ ನಿಜಾಮರ ಆಳ್ವಿಕೆಯಲ್ಲಿದ್ದಾಗ, 1931–32ರಲ್ಲಿ, ಸಲೀಂ ಅಲಿಯವರು ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ತಮಗೆ ಸಂಬಳ ಬೇಡ, ಶಿಬಿರದ ಖರ್ಚು ಕೊಟ್ಟರೆ ಸಾಕು ಎಂದವರು ಅವರು. ಜೊತೆಯಲ್ಲಿ ಹೆಂಡತಿ ತೆಹಮೀನಾ ಇದ್ದರು. ಮನೆಯ ಸುಖ ಬಿಟ್ಟು ಡೇರೆಯಲ್ಲಿ ಸಂಸಾರ ಹೂಡಿದ ಆಕೆ 1939ರಲ್ಲಿ ತೀರಿಕೊಂಡರು. ಸಮೀಕ್ಷೆಯ ವರದಿಯ ಮೇಲೆ ಗಂಡನ ಹೆಸರಿದೆ. ಆ ಡೇರೆಯ ಒಲೆ ಯಾರ ಪಾಲಿನದಾಗಿತ್ತೆಂದು ನಮ್ಮಂಥ ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ.

ಮುಂದೆ ತುಂಗಭದ್ರಾ ಅಣೆಕಟ್ಟು ಬಂತು. 1953ರಿಂದ ಎಡದಂಡೆ ಕಾಲುವೆಯ ನೀರು ಹರಿದು, ಜೋಳ ಬೆಳೆಯುತ್ತಿದ್ದ ಸಿಂಧನೂರಿನ ಎರೆ ಹೊಲಗಳು ಭತ್ತದ ಗದ್ದೆಗಳಾದವು. ಅನ್ನ ಕೊಟ್ಟ ನೀರನ್ನು ಬಯ್ಯಲಾರೆ. ಆದರೆ ಒಣ ಹುಲ್ಲುಗಾವಲು ಬೇಡುವ ಹಕ್ಕಿಗೆ ಗದ್ದೆಯಲ್ಲಿ ಜಾಗವಿಲ್ಲ. ಹೊಳೆಯಾಚೆ ಸಿರುಗುಪ್ಪದ ಒಣ ಎರೆಯಲ್ಲಿ ಬೆರಳೆಣಿಕೆಯಷ್ಟು ಉಳಿದದ್ದನ್ನು ಹಕ್ಕಿ ಆಸಕ್ತರು ಈ ಶತಮಾನದಲ್ಲಿ ದಾಖಲಿಸಿದರು. ಈ ಭಾರದ ಹಕ್ಕಿಗೆ ಎದುರಿನ ವಿದ್ಯುತ್ ತಂತಿ ಸರಿಯಾಗಿ ಕಾಣುವುದಿಲ್ಲ. ಕಂಡರೂ ಥಟ್ಟನೆ ತಿರುಗಲಾರದು. 2011ರಿಂದ ಅದು ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಇಡೀ ದೇಶದ ಬಯಲಲ್ಲಿ ಇನ್ನೂರೂ ಉಳಿದಿಲ್ಲ. ಇರುವುದರಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿ.

ನಾನು ಆ ಹುಡುಗನ ಬಾಯಿ ಮುಚ್ಚಿಸಿದ 1998ರಲ್ಲೇ ಅಮೆರಿಕದಲ್ಲಿ ಸಾಮಾನ್ಯ ಜನರನ್ನು ಕರೆದು, ಮನೆಯಂಗಳದ ಹಕ್ಕಿ ಎಣಿಸಿ ತಿಳಿಸಿ ಎಂದು ಕೇಳತೊಡಗಿದ್ದರಂತೆ. 2013ರಿಂದ ನಮ್ಮ ದೇಶವೂ ಅದರಲ್ಲಿ ಸೇರಿದೆ. ಫೆಬ್ರವರಿಯ ನಾಲ್ಕು ದಿನ, ಹದಿನೈದು ನಿಮಿಷ ಒಂದೆಡೆ ಕೂತು ಕಂಡ ಹಕ್ಕಿಗಳನ್ನೆಲ್ಲ ಎಣಿಸಿದರಾಯಿತು. ಅಕ್ಕಿ ಆರಿಸುತ್ತಾ ಅಂಗಳದಲ್ಲಿ ಕೂರುವ ನಮಗೆ ಇದೇನು ಕಷ್ಟ? ಗುಬ್ಬಿ ಎಷ್ಟು, ಗೊರವಂಕ ಎಷ್ಟು? ಇಂದು ಸಾಮಾನ್ಯವಾದದ್ದು ನಾಳೆಯೂ ಹಾಗೆಯೇ ಇರುತ್ತದೆಂದು ಹೇಳುವವರಾರು? ಎರ್ಲಡ್ಡೂ ಒಂದು ಕಾಲಕ್ಕೆ ಕುರಿಗಾರರಿಗೆ ಸಾಮಾನ್ಯ ಹಕ್ಕಿಯೇ ಆಗಿತ್ತಲ್ಲ.

ಈಗ ನನ್ನ ತರಗತಿಯಲ್ಲೊಂದು ದಪ್ಪ ನೋಟ್‌ಬುಕ್ ಇದೆ. ತಾರೀಖು, ಜಾಗ, ಎಷ್ಟು, ಕಂಡವರು ಯಾರು ಎಂದು ಮಕ್ಕಳೇ ಬರೆಯುತ್ತಾರೆ. ಮನೆಯಲ್ಲಿ ಅಜ್ಜಿ ಕರೆಯುವ ಹೆಸರಿಗೂ ಒಂದು ಕಾಲಂ ಇದೆ. ಮೊದಲ ಸಾಲು ಮಾತ್ರ ನನ್ನ ಕೈಬರಹ: 1998, ಹೊಳೆಯಾಚೆ, ಎರೆಭೂತ, ಒಂದು, ಹುಡುಗನ ಎದೆಮಟ್ಟ. ತಾರೀಖಿನ ಜಾಗ ಖಾಲಿ ಬಿಟ್ಟಿದ್ದೇನೆ. ಅಂದು ನಾನು ಕೇಳಿರಲಿಲ್ಲ.