ಏಳು ದಿನದಲ್ಲಿ ಆ್ಯಪ್ ಮಾಡಲು ಕಲಿಯಬಹುದೇ?

"ಏಳೇ ದಿನದಲ್ಲಿ ಆ್ಯಪ್ ಮಾಡಲು ಕಲಿಯಿರಿ, ಪ್ಲೇ ಸ್ಟೋರ್‌ಗೆ ಹಾಕಿ, ಮನೆಯಲ್ಲೇ ಕುಳಿತು ಲಕ್ಷ ಗಳಿಸಿ. ಇಂದೇ ಶುಲ್ಕ ಕಟ್ಟಿ!" ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಹಣ ಕಟ್ಟುವ ಮೊದಲು, ಫಾರ್ವರ್ಡ್ ಮಾಡುವ ಮೊದಲು, ಇದರಲ್ಲಿ ಎಷ್ಟು ನಿಜ ಎಂದು ನೋಡೋಣ.

ಶುಲ್ಕ ಕಟ್ಟಲೇಬೇಕೇ?

ಕಲಿಯಲು ಬೇಕಿಲ್ಲ. ಆಂಡ್ರಾಯ್ಡ್ ಆ್ಯಪ್ ತಯಾರಿಸುವ ಆಂಡ್ರಾಯ್ಡ್ ಸ್ಟುಡಿಯೋ ತಂತ್ರಾಂಶ ಉಚಿತ. ಹಣ ಬೇಕಾಗುವುದು ಆ್ಯಪ್ ಪ್ರಕಟಿಸುವಾಗ: ಗೂಗಲ್ ಪ್ಲೇಗೆ ಒಮ್ಮೆ 25 ಡಾಲರ್, ಆಪಲ್‌ಗೆ ವರ್ಷಕ್ಕೆ 99 ಡಾಲರ್.

ಏಳು ದಿನ ಸಾಕೇ?

ಸಾಲದು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಗೂಗಲ್ ಒಂದು ನಿಯಮ ಮಾಡಿದೆ. ಆ್ಯಪ್ ಅನ್ನು ಎಲ್ಲರಿಗೂ ಬಿಡುಗಡೆ ಮಾಡುವ ಮೊದಲು ಕನಿಷ್ಠ 12 ಮಂದಿ ಸತತ 14 ದಿನ ಅದರ ಪರೀಕ್ಷೆಯಲ್ಲಿ ಪಾಲ್ಗೊಂಡಿರಬೇಕು. ಅಂದರೆ ಹೊಸಬರಿಗೆ ಪರೀಕ್ಷೆಗೇ ಎರಡು ವಾರ ಬೇಕು!

ಎಲ್ಲಿಂದ ಶುರು ಮಾಡಬೇಕು?

ಮನೆಯ ಹಾಲಿನ ಲೆಕ್ಕದಿಂದ. ದಿನಕ್ಕೆ ಎಷ್ಟು ಲೀಟರ್, ದರ ಎಷ್ಟು ಎಂದು ನೆನಪಿಡುವ ಜಾಗವೇ 'ವೇರಿಯಬಲ್'. 'ಇವತ್ತು ಹಾಲು ಬೇಡ ಎಂದಿದ್ದರೆ ಲೆಕ್ಕಕ್ಕೆ ಸೇರಿಸಬೇಡ' ಎನ್ನುವುದು 'ಕಂಡಿಷನ್'. ತಿಂಗಳ ಒಂದೊಂದು ದಿನವನ್ನೂ ಕೂಡಿಸುತ್ತಾ ಹೋಗುವುದು 'ಲೂಪ್'. ಆ್ಯಪ್ ಮುಚ್ಚಿದರೂ ಲೆಕ್ಕ ಅಳಿಯದಂತೆ ಉಳಿಸುವುದು 'ಸ್ಟೋರೇಜ್'. ಈ ನಾಲ್ಕು ತಿಳಿದರೆ ದೊಡ್ಡ ಆ್ಯಪ್‌ಗಳ ಒಳಗೇನಿದೆ ಎಂಬುದೂ ಅರ್ಥವಾಗತೊಡಗುತ್ತದೆ.

ಕೋಡ್ ಬರೆಯಲು ಹೆದರಿಕೆಯೇ? ಎಂಐಟಿ ಆ್ಯಪ್ ಇನ್ವೆಂಟರ್ ಎಂಬ ಉಚಿತ ತಾಣದಲ್ಲಿ ಬಣ್ಣದ ತುಂಡುಗಳನ್ನು ಜೋಡಿಸಿಯೇ ಈ ಆ್ಯಪ್ ಮಾಡಬಹುದು. ಮಾಡಿದ್ದನ್ನು ಕೂಡಲೇ ನಿಮ್ಮ ಫೋನಿನಲ್ಲಿ ನೋಡಬಹುದು.

ಯಾವ ಭಾಷೆ ಕಲಿಯಬೇಕು?

ಆಂಡ್ರಾಯ್ಡ್‌ಗೆ ಕೋಟ್ಲಿನ್, ಐಫೋನ್‌ಗೆ ಸ್ವಿಫ್ಟ್. ಒಂದೇ ಕೋಡ್‌ನಿಂದ ಎರಡಕ್ಕೂ ಆ್ಯಪ್ ಬೇಕಿದ್ದರೆ ಫ್ಲಟರ್. ಅದರ ಭಾಷೆ ಡಾರ್ಟ್. ಒಂದನ್ನು ಹಿಡಿದು ಕೊನೆಯವರೆಗೆ ಕಲಿಯಿರಿ. ಒಂದು ಭಾಷೆ ಬಂದರೆ ಇನ್ನೊಂದು ಸುಲಭ.

ಕಂಪ್ಯೂಟರ್ ಬೇಕೇ?

ಮುಂದೆ ಬೇಕಾಗುತ್ತದೆ. ಆಂಡ್ರಾಯ್ಡ್ ಸ್ಟುಡಿಯೋಗೆ ಕನಿಷ್ಠ 8 ಜಿಬಿ ರ್‍ಯಾಮ್ ಇರಬೇಕು. ಐಫೋನ್ ಆ್ಯಪ್ ತಯಾರಿಸುವ ಎಕ್ಸ್‌ಕೋಡ್ ಮ್ಯಾಕ್‌ನಲ್ಲಿ ಮಾತ್ರ ನಡೆಯುತ್ತದೆ. ಆದರೆ ಮೊದಲ ಪಾಠಕ್ಕೆ ಬ್ರೌಸರ್ ಸಾಕು: ಕೋಟ್ಲಿನ್ ಪ್ಲೇಗ್ರೌಂಡ್ ತಾಣದಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡದೆ ಸಣ್ಣ ಪ್ರೋಗ್ರಾಂ ಬರೆದು ನೋಡಬಹುದು.

ಎಚ್ಚರ ಎಲ್ಲಿ?

ಹಣ ಕೊಟ್ಟು ಕಲಿಸುವ ಒಳ್ಳೆಯ ತರಗತಿಗಳೂ ಇವೆ. ಆದರೆ ಗಳಿಕೆಯ ಭರವಸೆ ಕೊಟ್ಟು ಅವಸರಪಡಿಸುವವರನ್ನು ನಂಬಬೇಡಿ. ಮೆಸೇಜ್‌ನಲ್ಲಿ ಬಂದ ಎಪಿಕೆ ಫೈಲ್ ಇನ್‌ಸ್ಟಾಲ್ ಮಾಡಬೇಡಿ, ಒಟಿಪಿ ಹೇಳಬೇಡಿ. ಈಗಾಗಲೇ ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಆ್ಯಪ್ ಮಾಡುವುದನ್ನು ಯಾರು ಬೇಕಾದರೂ ಕಲಿಯಬಹುದು ಎಂಬುದು ನಿಜ. ಏಳು ದಿನ, ಲಕ್ಷ ರೂಪಾಯಿ ಎಂಬುದನ್ನು ಮಾತ್ರ ನಂಬಬೇಡಿ. ಮೊದಲು ಹಾಲಿನ ಲೆಕ್ಕದ ಆ್ಯಪ್ ಮಾಡಿ. ಶುಲ್ಕದ ಮಾತು ಆಮೇಲೆ.