ಸ್ಲಾಟ್ ಯಂತ್ರ

ಹಣ ಹಾಕಿ, ಹಿಡಿಕೆ ಎಳೆದು ಇಲ್ಲವೇ ಗುಂಡಿ ಒತ್ತಿ ಚಿತ್ರದ ಚಕ್ರಗಳನ್ನು ತಿರುಗಿಸುವ ಜೂಜಿನ ಯಂತ್ರ. ನಾಣ್ಯ ತೂರಿಸುವ ಸೀಳುಗಂಡಿಯಿಂದ ಈ ಹೆಸರು ಬಂತು. ಚಕ್ರಗಳು ನಿಂತಾಗ ಹೊಂದುವ ಚಿತ್ರಗಳು ಸಾಲಾಗಿ ಬಿದ್ದರೆ ಬಹುಮಾನ.

1891ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಸಿಟ್‌ಮನ್ ಮತ್ತು ಪಿಟ್ ಕಂಪನಿ ತಯಾರಿಸಿದ ಯಂತ್ರದಲ್ಲಿ ಐದು ಉರುಳೆಗಳ ಮೇಲೆ 50 ಇಸ್ಪೀಟು ಎಲೆಗಳಿದ್ದವು. ಗೆದ್ದವರಿಗೆ ಬಿಯರನ್ನೋ ಚುಟ್ಟವನ್ನೋ ಅಂಗಡಿಯವನೇ ಕೊಡಬೇಕಿತ್ತು; ಪೋಕರಿನ ಅಷ್ಟೊಂದು ಜೋಡಣೆಗಳನ್ನು ಗುರುತಿಸಿ ದುಡ್ಡು ಎಣಿಸುವುದು ಆಗಿನ ಯಂತ್ರಕ್ಕೆ ಆಗದ ಮಾತು. ಇದನ್ನು ಬಗೆಹರಿಸಿದವರು ಬವೇರಿಯಾದಿಂದ ಬಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ನೆಲೆಸಿದ್ದ ಚಾರ್ಲ್ಸ್ ಫೇ. ಅವರ ‘ಲಿಬರ್ಟಿ ಬೆಲ್’ನಲ್ಲಿ ಮೂರೇ ಚಕ್ರ, ಐದೇ ಬಗೆಯ ಚಿತ್ರ. ಮೂರು ಗಂಟೆಗಳು ಸಾಲಾಗಿ ನಿಂತರೆ ಐದು ಸೆಂಟಿನ ಹತ್ತು ನಾಣ್ಯ ತಾನಾಗಿ ಉದುರುತ್ತಿದ್ದವು. ಕಾನೂನು ಬಿಗಿಯಾದಾಗ ದುಡ್ಡಿನ ಬದಲು ಚೂಯಿಂಗ್ ಗಮ್ ಕೊಡುವ ಯಂತ್ರಗಳು ಬಂದವು. ಇಂದಿಗೂ ಉಳಿದಿರುವ ಚೆರ್ರಿ, ನಿಂಬೆ ಚಿತ್ರಗಳು ಆ ಗಮ್ಮಿನ ರುಚಿಗಳನ್ನು ಸೂಚಿಸುತ್ತಿದ್ದವು.

1963ರಲ್ಲಿ ಬ್ಯಾಲಿ ಕಂಪನಿಯ ‘ಮನಿ ಹನಿ’ ವಿದ್ಯುತ್ತಿನಿಂದ ನಡೆಯಿತು. 1976ರಲ್ಲಿ ವಿಡಿಯೊ ಪರದೆಯೂ ಬಂತು. ಆದರೆ ನಿಜವಾದ ತಿರುವು ಹೊರಗೆ ಕಾಣದಂಥದ್ದು. 1984ರಲ್ಲಿ ಇಂಗೆ ಟೆಲ್ನೇಸ್ ಎಂಬವರು ಪಡೆದ ಪೇಟೆಂಟ್, ಚಕ್ರ ಎಲ್ಲಿ ನಿಲ್ಲಬೇಕೆಂಬ ತೀರ್ಮಾನವನ್ನು ಚಕ್ರದಿಂದ ಕಿತ್ತು ಕಂಪ್ಯೂಟರಿಗೆ ಒಪ್ಪಿಸಿತು. 22 ನಿಲುಗಡೆಗಳ ಮೂರು ಚಕ್ರಗಳಿಂದ ಸಾಧ್ಯವಾಗುವುದು 10,648 ಜೋಡಣೆ. ಕಂಪ್ಯೂಟರಿನೊಳಗಿನ ಪ್ರತಿ ಕಾಲ್ಪನಿಕ ಚಕ್ರಕ್ಕೆ 64 ನಿಲುಗಡೆ ಕೊಟ್ಟರೆ ಅದು 2,62,144ಕ್ಕೆ ಏರುತ್ತದೆ. ಆಟಗಾರನ ಕಣ್ಣಿಗೆ ಬೀಳುವುದು ಅದೇ 22. ದೊಡ್ಡ ಬಹುಮಾನದ ಚಿತ್ರಕ್ಕೆ ಒಳಗಿನ ಒಂದೇ ನಿಲುಗಡೆಯನ್ನು ಬಿಟ್ಟು, ಅದರ ಅಕ್ಕಪಕ್ಕದ ಖಾಲಿ ಜಾಗಗಳಿಗೆ ಹಲವನ್ನು ಹಂಚಿದರೆ ‘ಕೂದಲೆಳೆಯಲ್ಲಿ ತಪ್ಪಿತು’ ಎನಿಸುವ ಸೋಲುಗಳು ಮತ್ತೆ ಮತ್ತೆ ಎದುರಾಗುತ್ತವೆ. ಇಂಥ ಸೋಲೂ ಆಟಗಾರನನ್ನು ಕುರ್ಚಿಯಿಂದ ಏಳಗೊಡದಿರಬಹುದು.

ಗುಂಡಿ ಒತ್ತಿದ ಕ್ಷಣದಲ್ಲಿ ಯಾದೃಚ್ಛಿಕ ಸಂಖ್ಯೆಯೊಂದು ಫಲವನ್ನು ತೀರ್ಮಾನಿಸುತ್ತದೆ. ಚಕ್ರ ತಿರುಗುವುದು ಬರೀ ಪ್ರದರ್ಶನ. ಹಿಂದಿನ ಸುತ್ತುಗಳ ನೆನಪು ಯಂತ್ರಕ್ಕಿಲ್ಲ. ಹಾಗಾಗಿ ‘ಬಹಳ ಹೊತ್ತಿನಿಂದ ಕೊಟ್ಟಿಲ್ಲ, ಇನ್ನು ಕೊಟ್ಟೇ ಕೊಡುತ್ತದೆ’ ಎಂಬ ನಂಬಿಕೆಗೆ ಆಧಾರವೇ ಇಲ್ಲ.

ಅಮೆರಿಕದ ನೆವಾಡಾದಲ್ಲಿ ಯಂತ್ರ ಪಣದ ಹಣದಲ್ಲಿ ಸರಾಸರಿ ಶೇಕಡ 75ರಷ್ಟಾದರೂ ಹಿಂದಿರುಗಿಸಬೇಕೆಂಬ ನಿಯಮವಿದೆ. ನಮ್ಮ ನೆರೆಯ ಗೋವಾ ತನ್ನ ಜೂಜು ಕಾನೂನಿನ 1992ರ ತಿದ್ದುಪಡಿಯಿಂದ ಪಂಚತಾರಾ ಹೋಟೆಲುಗಳಲ್ಲಿ ಇವುಗಳಿಗೆ ಅವಕಾಶ ಕೊಟ್ಟಿತು. ಯಂತ್ರವೊಂದರಿಂದ ಶೇಕಡ 90 ಹಿಂದಿರುಗುತ್ತದೆ ಎಂದರೆ ತಂದ ದುಡ್ಡಿನಲ್ಲಿ ಅಷ್ಟು ಉಳಿಯುತ್ತದೆಂದು ಅರ್ಥವಲ್ಲ. ಗೆದ್ದ ಹಣವನ್ನೇ ಮತ್ತೆ ಹೂಡುತ್ತ ಗಂಟೆಗೆ 600 ಸುತ್ತು, ಸುತ್ತಿಗೆ 10 ರೂಪಾಯಿಯಂತೆ ಆಡಿದರೆ ಪಣದ ಮೊತ್ತ 6,000 ರೂಪಾಯಿ. ಸರಾಸರಿ ನಷ್ಟ 600. 500 ರೂಪಾಯಿ ಹಿಡಿದು ಕುಳಿತವನ ಜೇಬು ಗಂಟೆ ತುಂಬುವ ಮೊದಲೇ ಬರಿದಾಗುವ ಸಂಭವವೇ ಹೆಚ್ಚು.