ಬ್ರೇಕು ಯಾರ ಕೈಯಲ್ಲಿ?

ಮೆಲ್ಬರ್ನ್ ನಗರದ ಲೂನಾ ಪಾರ್ಕಿನಲ್ಲಿ 1912ರ ಒಂದು ಮರದ ರೋಲರ್ ಕೋಸ್ಟರ್ ಇದೆ. ಅದರ ಬ್ರೇಕು ಹಳಿಯಲ್ಲಿಲ್ಲ, ಗಾಡಿಯ ಮಧ್ಯೆ ನಿಂತ ಮನುಷ್ಯನ ಕೈಯಲ್ಲಿದೆ. ತಿರುವು ಬರುವ ಮುನ್ನ ಎಷ್ಟು ಬೇಕೋ ಅಷ್ಟೇ ಸನ್ನೆ ಎಳೆದು ಆತ ವೇಗ ತಗ್ಗಿಸುತ್ತಾನೆ. ‘ಸೀನಿಕ್ ರೈಲ್ವೆ’ ಎನಿಸಿಕೊಂಡಿದ್ದ ಆ ಪೀಳಿಗೆಯ ಕೋಸ್ಟರುಗಳಿಗೆ ಇಂಥ ಬ್ರೇಕ್‌ಮನ್ ಬೇಕೇ ಬೇಕಿತ್ತು. ಅವನ ಕೈಯಲ್ಲಿದ್ದ ತೀರ್ಮಾನಗಳನ್ನು ಒಂದೊಂದಾಗಿ ಕಬ್ಬಿಣಕ್ಕೆ, ಆಮೇಲೆ ಕಂಪ್ಯೂಟರಿಗೆ ದಾಟಿಸುತ್ತ ಬಂದದ್ದೇ ಈ ತಂತ್ರಜ್ಞಾನದ ಚರಿತ್ರೆ.

ಶುರುವಿನಲ್ಲಿ ಭಯಪಡುವಂಥದ್ದೇನೂ ಇರಲಿಲ್ಲ. ರಷ್ಯದ ಹಿಮದ ಜಾರುಬಂಡೆಯನ್ನು ನೋಡಿ 1817ರಲ್ಲಿ ಪ್ಯಾರಿಸ್ಸಿನವರು ಚಕ್ರದ ಗಾಡಿ ಮಾಡಿದರು. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಲಮಾರ್ಕಸ್ ಥಾಮ್ಸನ್ ಓಡಿಸಿದ ಗಾಡಿಯ ವೇಗ ಗಂಟೆಗೆ ಸುಮಾರು 10 ಕಿ.ಮೀ. ಅಷ್ಟಕ್ಕೆ ಯಾರನ್ನೂ ಕಟ್ಟಿ ಕೂರಿಸಬೇಕಿಲ್ಲ. ಆಮೇಲೆ ಗಾಡಿಯನ್ನು ದಿಬ್ಬಕ್ಕೆ ಎಳೆಯುವ ಸರಪಳಿ ಬಂತು, ಜೊತೆಗೆ ಹೊಸ ಪ್ರಶ್ನೆಯೂ ಬಂತು: ಸರಪಳಿ ತುಂಡಾದರೆ? ಹಳಿಯ ನಡುವೆ ಹಲ್ಲುಪಟ್ಟಿ, ಗಾಡಿಯ ಅಡಿಯಲ್ಲಿ ಕೊಕ್ಕೆ. ಸೈಕಲ್ಲಿನ ಫ್ರೀವೀಲಿನ ಹಾಗೆ ಮುಂದಕ್ಕೆ ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ಏರುವಾಗ ಕೇಳಿಸುವ ಕಟಕಟ ಸದ್ದು ಸರಪಳಿಯದ್ದೆಂದು ಎಷ್ಟೋ ಜನ ಭಾವಿಸುತ್ತಾರೆ; ಅದು ಈ ಕೊಕ್ಕೆಯದು. 1972ರ ಮೇ 30ರಂದು ಲಂಡನ್ನಿನ ಬ್ಯಾಟರ್‌ಸೀ ಉದ್ಯಾನದಲ್ಲಿ ಎಳೆಯುವ ಹಗ್ಗದಿಂದ ಗಾಡಿ ಕಳಚಿಕೊಂಡಿತು, ಹಿಂದಕ್ಕೆ ಉರುಳದಂತೆ ತಡೆಯಬೇಕಿದ್ದ ವ್ಯವಸ್ಥೆಯೂ ಕೈಕೊಟ್ಟಿತು. ಐದು ಮಕ್ಕಳು ಸತ್ತರು.

ಈ ಚರಿತ್ರೆಯ ಅತಿ ದೊಡ್ಡ ತಿರುವು ಯಾವುದೆಂದು ನನ್ನನ್ನು ಕೇಳಿದರೆ, ಅಮೆರಿಕದ ಜಾನ್ ಮಿಲ್ಲರ್ 1919ರಲ್ಲಿ ಪೇಟೆಂಟ್ ಪಡೆದ ಒಂದು ಪುಟ್ಟ ಚಕ್ರ ಎನ್ನುತ್ತೇನೆ. ಹಳಿಯ ಮೇಲೊಂದು, ಪಕ್ಕದಲ್ಲೊಂದು ಚಕ್ರವಿದ್ದರೂ ದಿಬ್ಬದ ನೆತ್ತಿಯಲ್ಲಿ ಗಾಡಿ ಮೇಲಕ್ಕೆ ಹಾರಬಹುದಿತ್ತು. ಮಿಲ್ಲರ್ ಹಳಿಯ ಅಡಿಗೂ ಒಂದು ಚಕ್ರ ಇಟ್ಟ. ಗಾಡಿ ಹಳಿಯನ್ನು ತಬ್ಬಿ ಹಿಡಿಯಿತು, ಇಳಿಜಾರು ಕಡಿದಾಯಿತು. ಆದರೆ ಈಗ ಹಾರುವ ಸರದಿ ಗಾಡಿಯದಲ್ಲ, ಅದರಲ್ಲಿ ಕೂತವರದು! ಗಾಡಿ ನೆತ್ತಿ ದಾಟಿ ಥಟ್ಟನೆ ಕೆಳಗಿಳಿದಾಗ ದೇಹ ತನ್ನ ಹಳೆಯ ದಿಕ್ಕಿನಲ್ಲೇ ಹೊರಟಿರುತ್ತದೆ. ತೊಡೆಯ ಮೇಲಿನ ಸರಳು ಅದನ್ನು ಕೆಳಕ್ಕೆ ಎಳೆದುಕೊಳ್ಳುತ್ತದೆ.

ತಲೆಕೆಳಗಾಗುವ ಸುತ್ತಿನಲ್ಲೇ ಅಪಾಯ ಹೆಚ್ಚೆಂಬುದು ಸಾಮಾನ್ಯ ನಂಬಿಕೆ. ಆದರೆ ಅಲ್ಲಿ ವೇಗ ಸರಿಯಿದ್ದರೆ ದೇಹ ಸೀಟಿಗೇ ಒತ್ತಿಕೊಳ್ಳುತ್ತದೆ. 1895ರ ಕೋನಿ ಐಲೆಂಡಿನ ‘ಫ್ಲಿಪ್ ಫ್ಲ್ಯಾಪ್’ ಕತ್ತುನೋವು ತಂದದ್ದು ಸುತ್ತು ಪೂರ್ಣ ವೃತ್ತವಾಗಿತ್ತೆಂಬ ಕಾರಣಕ್ಕೆ. 1976ರಲ್ಲಿ ಆಂಟನ್ ಶ್ವಾರ್ಜ್‌ಕೋಫ್ ಮತ್ತು ವರ್ನರ್ ಸ್ಟೆಂಗೆಲ್ ಕ್ಯಾಲಿಫೋರ್ನಿಯಾದ ‘ರೆವಲ್ಯೂಷನ್’ ಕೋಸ್ಟರಿಗೆ ಹನಿಯಾಕಾರದ ಸುತ್ತು ಕೊಟ್ಟರು. ಅದರ ಮೊದಲ ಗಾಡಿಗಳಲ್ಲಿ ಇದ್ದದ್ದು ತೊಡೆಯ ಸರಳು ಮಾತ್ರ. ಭುಜದ ಮೇಲಿಂದ ಇಳಿಯುವ ಹಾರ್ನೆಸ್ಸನ್ನು ಆಮೇಲೆ ಸೇರಿಸಿ, 2016ರಲ್ಲಿ ತೆಗೆದುಹಾಕಿದರು.

ಇಂದಿನ ಸರಳುಗಳಲ್ಲಿ ಹಲ್ಲುಗಳ ಬದಲು ಹೈಡ್ರಾಲಿಕ್ ಸಿಲಿಂಡರ್ ಇರುವುದುಂಟು. ಎಣ್ಣೆ ಒಂದೇ ಕಡೆಗೆ ಹರಿಯುವುದರಿಂದ ಸರಳು ಹೊಟ್ಟೆಗೆ ತಾಗುವ ತನಕ ಇಳಿದು, ಎಲ್ಲಿ ಬೇಕಾದರೂ ನಿಲ್ಲುತ್ತದೆ. ಕರೆಂಟು ಹೋದರೂ ಬಿಚ್ಚುವುದಿಲ್ಲ. ದೇಹವನ್ನು ಎತ್ತಿ ಎಸೆಯುವ ಬಲ ಎಷ್ಟೆಂಬುದರ ಮೇಲೆ ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಮಾನದಂಡ ಇವನ್ನು ಐದು ವರ್ಗಗಳಾಗಿ ವಿಂಗಡಿಸುತ್ತದೆ. ಕೊನೆಯ ವರ್ಗದಲ್ಲಿ ಒಂದು ಬೀಗ ಕೆಟ್ಟರೆ ಇನ್ನೊಂದು ಹಿಡಿದಿರಬೇಕು.

ಬ್ರೇಕಿನ ತರ್ಕವೂ ಹೀಗೇ ತಿರುಗಿತು. ಹಳಿಯ ಮೇಲಿನ ಬ್ರೇಕುಗಳಲ್ಲಿ ಗಾಡಿಯಡಿಯ ತಗಡನ್ನು ಎರಡು ದವಡೆಗಳು ಕಚ್ಚುತ್ತವೆ. ಅನೇಕ ವಿನ್ಯಾಸಗಳಲ್ಲಿ ಕಚ್ಚುವುದು ಸ್ಪ್ರಿಂಗಿನ ಕೆಲಸ, ಬಿಡಿಸುವುದು ಒತ್ತಡದ ಗಾಳಿಯ ಕೆಲಸ. ಗಾಳಿ ಸೋರಿದರೆ ಗಾಡಿ ನಿಲ್ಲುತ್ತದೆ, ಓಡುವುದಿಲ್ಲ. ಕಾಯಂ ಅಯಸ್ಕಾಂತದ ಬ್ರೇಕು ಇನ್ನೂ ಸೊಗಸು: ಲೋಹದ ತಗಡು ಅಯಸ್ಕಾಂತಗಳ ನಡುವೆ ಹಾಯುವಾಗ ಅದರಲ್ಲೇ ಹುಟ್ಟುವ ವಿದ್ಯುತ್ ಸುಳಿಗಳು ಚಲನೆಯನ್ನು ವಿರೋಧಿಸುತ್ತವೆ. ಉಜ್ಜಾಟವಿಲ್ಲ, ಸವೆತವಿಲ್ಲ. ವೇಗ ಇಳಿದಂತೆ ಹಿಡಿತವೂ ಇಳಿಯುವುದರಿಂದ ಗಾಡಿಯನ್ನು ಪೂರ್ತಿ ನಿಲ್ಲಿಸಲು ಮಾತ್ರ ಬೇರೆ ವ್ಯವಸ್ಥೆ ಬೇಕು.

ಒಂದೇ ಹಳಿಯಲ್ಲಿ ಹಲವು ಗಾಡಿ ಬಿಡಬೇಕಾದಾಗ ರೈಲ್ವೆಯ ‘ಬ್ಲಾಕ್’ ಪದ್ಧತಿ ಕೈಹಿಡಿಯಿತು. ಮುಂದಿನ ಬ್ಲಾಕ್ ಖಾಲಿಯಾಗದೆ ಹಿಂದಿನ ಗಾಡಿಗೆ ಪ್ರವೇಶವಿಲ್ಲ. 1959ರಲ್ಲಿ ಡಿಸ್ನಿಲ್ಯಾಂಡಿನ ‘ಮ್ಯಾಟರ್‌ಹಾರ್ನ್’ ಇದನ್ನು ಎಲೆಕ್ಟ್ರಾನಿಕ್ ನಿಯಂತ್ರಣಕ್ಕೆ ತಂದಿತು. ಈಗ ಹಳಿಯುದ್ದಕ್ಕೂ ಸೆನ್ಸರುಗಳು, ಅವುಗಳ ಮಾತು ಕೇಳಿ ತೀರ್ಮಾನಿಸುವ ಕಂಪ್ಯೂಟರು.

2015ರ ಜೂನ್ 2ರಂದು ಇಂಗ್ಲೆಂಡಿನ ಆಲ್ಟನ್ ಟವರ್ಸ್ ಪಾರ್ಕಿನಲ್ಲಿ, 14 ಬಾರಿ ತಲೆಕೆಳಗು ಮಾಡುವ ‘ಸ್ಮೈಲರ್’ ಕೋಸ್ಟರಿನ ಕಂಪ್ಯೂಟರು ಸರಿಯಾಗಿಯೇ ತೀರ್ಮಾನಿಸಿತ್ತು. ಪರೀಕ್ಷೆಗೆಂದು ಬಿಟ್ಟ ಖಾಲಿ ಗಾಡಿಯೊಂದು ಹಳಿಯ ಮಧ್ಯೆ ಸಿಕ್ಕಿಕೊಂಡಿತ್ತು; 16 ಜನರಿದ್ದ ಗಾಡಿಯನ್ನು ಕಂಪ್ಯೂಟರು ತಡೆದು ನಿಲ್ಲಿಸಿತು. ಹಳಿಯಲ್ಲಿ ಹೆಚ್ಚುವರಿ ಗಾಡಿಯಿದೆಯೆಂದು ತಿಳಿಯದ ಎಂಜಿನಿಯರುಗಳು ಯಂತ್ರವೇ ತಪ್ಪಿದೆಯೆಂದುಕೊಂಡು ತಡೆ ತೆರವು ಮಾಡಿದರು. ಡಿಕ್ಕಿಯ ನಂತರ ಇಬ್ಬರು ಯುವತಿಯರು ಕಾಲು ಕಳೆದುಕೊಂಡರು. ಮರುವರ್ಷ ಪಾರ್ಕು ನಡೆಸುವ ಕಂಪನಿಗೆ 50 ಲಕ್ಷ ಪೌಂಡ್ ದಂಡ ಬಿತ್ತು. ದಂಡ ಬಿದ್ದದ್ದು ಕಂಪನಿಗೆ ಎಂಬುದು ನನಗೆ ನ್ಯಾಯವಾಗಿಯೇ ಕಾಣುತ್ತದೆ. ಎಷ್ಟು ಗಾಡಿಗಳಿವೆ ಎಂದೇ ಗೊತ್ತಿಲ್ಲದವರ ಕೈಗೆ ತಡೆ ತೆಗೆಯುವ ಅಧಿಕಾರ ಕೊಟ್ಟವರು ಯಾರು?

2022ರ ಮಾರ್ಚಿನಲ್ಲಿ ಫ್ಲಾರಿಡಾದ ಒರ್ಲಾಂಡೊದಲ್ಲಿ ಕೈಯಾಡಿಸಿದ್ದು ಸೆನ್ಸರಿನ ಮೇಲೆ. ಅಲ್ಲಿದ್ದದ್ದು ಕೋಸ್ಟರ್ ಅಲ್ಲ, ಎತ್ತರದಿಂದ ಬೀಳಿಸುವ ಗೋಪುರ. ಬ್ರೇಕು ತನ್ನ ಕೆಲಸ ಮಾಡಿತು. 14ರ ಹುಡುಗ ಮಾತ್ರ ಸೀಟಿನಿಂದ ಜಾರಿಬಿದ್ದ. ಹಾರ್ನೆಸ್ಸಿಗೂ ಸೀಟಿಗೂ ನಡುವೆ ಮಾಮೂಲಿಗಿಂತ ಸುಮಾರು ಎರಡರಷ್ಟು ಅಂತರವಿದ್ದರೂ ಸೀಟು ಭದ್ರವೆಂದು ಹಸಿರು ದೀಪ ಹೊತ್ತುವಂತೆ ಸೆನ್ಸರನ್ನು ಸಡಿಲಿಸಲಾಗಿತ್ತು. ಮರುವರ್ಷ ಆ ರಾಜ್ಯ ತಂದ ಕಾನೂನು ಅಂಥ ಎತ್ತರದ ರೈಡುಗಳಿಗೆ ಹಾರ್ನೆಸ್ಸಿನ ಜೊತೆ ಸೀಟ್ ಬೆಲ್ಟನ್ನೂ ಕಡ್ಡಾಯ ಮಾಡಿತು. ಅಗ್ಗದ, ಹಳೆಯ ಉಪಾಯ. ಆದರೆ ಬೆಲ್ಟು ಕೊಕ್ಕೆಗೆ ಎಟುಕದಿದ್ದರೆ, ದೀಪ ಯಾವ ಬಣ್ಣದಲ್ಲಿದ್ದರೂ, ಸೀಟು ತಪಾಸಣೆ ಮಾಡುವ ನೌಕರನಿಗೆ ಗೊತ್ತಾಗುತ್ತದೆ.